ಅರವತ್ತೆಂಟರ ವಯಸ್ಸು, ವಿಆರ್ ಹೆಡ್‌ಸೆಟ್, ಹೊಸ ಗೆಳೆಯರು

ಪ್ರಶ್ನೆ: ನನಗೆ 68 ವರ್ಷ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಜೊತೆಯವರಲ್ಲಿ ಕೆಲವರು ಮಕ್ಕಳ ಊರು ಸೇರಿದರು, ಕೆಲವರು ಇಲ್ಲವಾದರು. ಮಂಡಿನೋವು ಇರುವುದರಿಂದ ಹೊರಗಿನ ಓಡಾಟ ಕಡಿಮೆ. ಮಗ ಒಂದು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಕಟ್ಟಿದ ಲೋಕದ ಒಳಗೇ ಇರುವಂತೆ ಕಾಣಿಸುವ ಯಂತ್ರ) ತಂದುಕೊಟ್ಟು, ‘ಇದರಲ್ಲಿ ಜನ ಸಿಗುತ್ತಾರೆ ನೋಡಮ್ಮ’ ಎಂದ. ಒಂದು ಸಲ ಹಾಕಿಕೊಂಡೆ. ಹತ್ತು ನಿಮಿಷಕ್ಕೆ ತಲೆಸುತ್ತು ಬಂತು, ಸುತ್ತ ಯಾರೋ ಹುಡುಗರು ಕಿರುಚಾಡುತ್ತಿದ್ದರು. ನನಗೆ ಕನ್ನಡಕವಿದೆ, ಒಂದು ಕಿವಿಗೆ ಶ್ರವಣಯಂತ್ರವೂ ಇದೆ. ಇದರಲ್ಲಿ ನಿಜವಾಗಿ ಗೆಳೆತನ ಆಗುತ್ತದೆಯೇ ಅಥವಾ ಪೆಟ್ಟಿಗೆಗೆ ಹಾಕಿ ಅಟ್ಟ ಸೇರಿಸಲೇ?

ಉತ್ತರ: ಅಟ್ಟಕ್ಕೆ ಈಗಲೇ ಬೇಡ. ನಿಮಗೆ ಆದದ್ದು ಎರಡು ಬೇರೆ ಬೇರೆ ತೊಂದರೆ. ತಲೆಸುತ್ತಿಗೆ ಬಹುಮಟ್ಟಿಗೆ ಕಾರಣ ಸೆಟ್ಟಿಂಗ್, ಕಿರುಚಾಟಕ್ಕೆ ಕಾರಣ ನೀವು ಹೋದ ಜಾಗ. ಎರಡನ್ನೂ ಸರಿಪಡಿಸಬಹುದು. ಗೆಳೆತನವೂ ಆಗುತ್ತದೆ, ಆದರೆ ಅದನ್ನು ಹೆಡ್‌ಸೆಟ್ ಮಾಡಿಕೊಡುವುದಿಲ್ಲ. ಅದೇ ನಾಲ್ಕೈದು ಜನ, ಅದೇ ದಿನ, ಅದೇ ಹೊತ್ತಿಗೆ, ಕೈಗೊಂದು ಕೆಲಸ ಇಟ್ಟುಕೊಂಡು ತಿಂಗಳುಗಟ್ಟಲೆ ಸೇರಿದರೆ ಆಗುತ್ತದೆ. ದಿನಕ್ಕೊಂದು ಹೊಸ ಕೋಣೆಗೆ ಹೋಗಿ ಇಣುಕಿ ಬಂದರೆ ವರ್ಷ ಕಳೆದರೂ ಆಗುವುದಿಲ್ಲ.

ಇದಕ್ಕೊಂದು ಲೆಕ್ಕ ಹಾಕಬಹುದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು, ಸ್ನೇಹ ಗಟ್ಟಿಯಾಗಲು 90, ಆಪ್ತ ಗೆಳೆತನಕ್ಕೆ 200ಕ್ಕೂ ಹೆಚ್ಚು. ಅದು ವಿಆರ್ ಕುರಿತ ಅಧ್ಯಯನವಲ್ಲ, ಆದರೂ ಅಂದಾಜಿಗೆ ಒದಗುತ್ತದೆ. ನೀವು ವಾರಕ್ಕೆ ಎರಡು ಸಲ, ಸಲಕ್ಕೆ ಮುಕ್ಕಾಲು ಗಂಟೆ ಹೋದರೆ 50 ಗಂಟೆ ತುಂಬಲು ಹತ್ತಿರಹತ್ತಿರ ಎಂಟು ತಿಂಗಳು ಬೇಕು. ಹದಿನೈದು ದಿನ ನೋಡಿ ‘ಯಾರೂ ಸಿಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಅವರಿಗೆ ಜನ ಸಿಕ್ಕಿರಲಿಲ್ಲ ಎನ್ನುವುದಕ್ಕಿಂತ ಗಂಟೆ ತುಂಬಿರಲಿಲ್ಲ ಎನ್ನುವುದು ಸರಿ.

ವಯಸ್ಸಾದವರಿಗೆ ಇದು ಒಗ್ಗುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ಅಮೆರಿಕದ 17 ಹಿರಿಯರ ವಸತಿಗಳಲ್ಲಿ 65ರಿಂದ 103 ವರ್ಷದ 245 ಮಂದಿಯ ಮೇಲೆ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಸುಮಾರು 80% ಮಂದಿ ಹೆಡ್‌ಸೆಟ್ ಬಳಸಿದ ಮೇಲೆ ಮನಸ್ಸು ಹಗುರಾಯಿತು ಎಂದರು, ಸುಮಾರು 60% ಮಂದಿ ಒಂಟಿತನ ತಗ್ಗಿತು ಎಂದರು. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಅಲ್ಲಿ ಹಾಕಿಕೊಡಲು, ತೆಗೆಯಲು, ಆಮೇಲೆ ‘ಏನು ನೋಡಿದಿರಿ’ ಎಂದು ಕೇಳಲು ಪಕ್ಕದಲ್ಲಿ ಸಿಬ್ಬಂದಿಯಿದ್ದರು. ಮನೆಯಲ್ಲಿ ಒಬ್ಬರೇ ಇರುವವರು ಆ ಜಾಗಕ್ಕೆ ಯಾರನ್ನಾದರೂ ಒದಗಿಸಿಕೊಳ್ಳಬೇಕು. ಮೊದಲ ಎರಡು ವಾರದ ಮಟ್ಟಿಗೆ ಆ ಕೆಲಸ ನಿಮ್ಮ ಮಗನದು. ಹೆಡ್‌ಸೆಟ್‌ನಲ್ಲಿ ಕಾಣುವುದನ್ನು ಫೋನಿಗೋ ಟಿವಿಗೋ ಕಾಣಿಸುವ ‘ಕಾಸ್ಟ್’ ಸೌಲಭ್ಯ ಇರುತ್ತದೆ. ಅದು ಹಾಕದಿದ್ದರೆ ‘ಎಡಗಡೆ ಏನೋ ಬಂತು, ಒತ್ತಲೇ?’ ಎಂದು ನೀವು ಕೇಳುವುದೂ, ‘ಯಾವುದಮ್ಮಾ?’ ಎಂದು ಅವನು ಕೇಳುವುದೂ ಮುಗಿಯುವುದಿಲ್ಲ.

ಈಗ ತಲೆಸುತ್ತು. ನೀವು ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಕಡ್ಡಿಯನ್ನು ಮುಂದಕ್ಕೆ ತಳ್ಳಿದಾಗ ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಕೂತಲ್ಲೇ ಕೂತಿದ್ದೇನೆ’ ಎನ್ನುತ್ತದೆ. ಈ ಎರಡು ಸಾಕ್ಷಿ ಹೊಂದದೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಮೊದಲು ಬದಲಿಸಬೇಕಾದದ್ದು ನಡೆಯುವ ಬಗೆ. ‘ಟೆಲಿಪೋರ್ಟ್’ ಆರಿಸಿ. ಗುರಿಯಿಟ್ಟು ಒತ್ತಿದರೆ ಆ ಜಾಗಕ್ಕೆ ಒಮ್ಮೆಗೇ ಹೋಗಿರುತ್ತೀರಿ, ನಡುವೆ ಜಾರುವುದು ಇರುವುದಿಲ್ಲ. ಜನ ಸೇರಿ ಮಾತಾಡುವ ‘ವಿಆರ್‌ಚಾಟ್’ ಎಂಬ ಆಪ್‌ನಲ್ಲಿ ಇದೇ ಬಗೆಯ ಸೌಲಭ್ಯಕ್ಕೆ ‘ಹೋಲೋಪೋರ್ಟ್’ ಎನ್ನುತ್ತಾರೆ; ಅಲ್ಲಿ ನಿಮ್ಮ ರೂಪವಾಗಿ ಕಾಣುವ ಬೊಂಬೆ ಮುಂದೆ ನಡೆದುಹೋಗುತ್ತದೆ, ಅದು ನಿಂತ ಮೇಲೆ ನೀವು ಅಲ್ಲಿರುತ್ತೀರಿ. ತಿರುಗುವುದಕ್ಕೆ ‘ಸ್ನ್ಯಾಪ್ ಟರ್ನ್’ ಇರಲಿ, ಒಂದೊಂದು ಒತ್ತಿಗೆ ಒಂದಿಷ್ಟು ಕೋನ ತಟ್ಟನೆ ತಿರುಗುವ ಹಾಗೆ. ಇಷ್ಟಾದ ಮೇಲೂ ಜಾರಿ ನಡೆಯಲೇಬೇಕಾದ ಜಾಗಗಳಿಗೆ ‘ವಿನ್ಯೆಟ್’ ಅಥವಾ ‘ಟನಲಿಂಗ್’ ಹಾಕಿ. ಚಲಿಸುವಾಗ ನೋಟದ ಅಂಚು ಕಪ್ಪಾಗುತ್ತದೆ. ಚಲನೆಯನ್ನು ಜೋರಾಗಿ ಸಾರುವುದು ಕಣ್ಣಂಚೇ ಆದ್ದರಿಂದ ಅದನ್ನು ಮುಚ್ಚಿದರೆ ಸುತ್ತು ಇಳಿಯುತ್ತದೆ.

ತಲೆಸುತ್ತು ಹಠಾತ್ತನೆ ಬರುವುದಿಲ್ಲ. ಮುಂಚೆಯೇ ಆಕಳಿಕೆ, ತೇಗು, ಬಾಯಲ್ಲಿ ನೀರು, ಕತ್ತಿನ ಹಿಂದೆ ಸಣ್ಣ ಬೆವರು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಯಾವುದೇ ಬಂದರೂ ಕಣ್ಣುಮುಚ್ಚಿ ಹೆಡ್‌ಸೆಟ್ ತೆಗೆಯಿರಿ. ‘ಇನ್ನೈದು ನಿಮಿಷ ತಡೆದುಕೊಂಡರೆ ಅಭ್ಯಾಸವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಠ ಹಿಡಿದರೆ ಆಗುವುದು ಉಲ್ಟಾ: ಹೊಟ್ಟೆ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನಾಳೆ ಹೆಡ್‌ಸೆಟ್ ನೋಡಿದರೇ ವಾಕರಿಕೆ ಬರಬಹುದು. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ, ಎರಡನೆಯ ವಾರ ಹದಿನೈದು, ಸುಖವಾಗಿದ್ದರೆ ಮಾತ್ರ ಇಪ್ಪತ್ತು, ಮೂವತ್ತು. ಎದುರಿಗೆ ಒಂದು ಫ್ಯಾನ್ ಇದ್ದರೆ ಒಳ್ಳೆಯದು. ಗಾಳಿ ಬರುವ ದಿಕ್ಕಿನಿಂದ ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂಬುದು ಮೈಗೆ ಗೊತ್ತಾಗುತ್ತಿರುತ್ತದೆ. ತೆಗೆದ ಮೇಲೆ ಐದು ನಿಮಿಷ ಕೂತೇ ಇರಿ. ತೆಗೆದ ಕೂಡಲೇ ಎದ್ದವರು ತೂಗಾಡಿ ಬೀಳುವುದುಂಟು.

ಬೀಳುವ ಮಾತು ಬಂದದ್ದಕ್ಕೆ ಹೇಳುತ್ತೇನೆ, ನೀವು ನಿಂತು ಬಳಸಲೇಬೇಡಿ. ಗಾಲಿಯಿಲ್ಲದ, ಅಲ್ಲಾಡದ ಕುರ್ಚಿ ಬೇಕು. ಎದ್ದು ಕೂರುವಾಗ ಹಿಡಿದುಕೊಳ್ಳಲು ಕೈಯಾಸರೆ ಇದ್ದರೆ ಅನುಕೂಲ, ಆದರೆ ಕಂಟ್ರೋಲರ್ ಅದಕ್ಕೆ ಬಡಿಯದ ಹಾಗೆ ಆಸರೆ ತಗ್ಗಾಗಿರಲಿ. ನೀವು ಬಳಸುವ ಜಾಗದ ಗಡಿಯನ್ನು ಹೆಡ್‌ಸೆಟ್‌ನಲ್ಲಿ ಗುರುತಿಸುವಾಗ ‘ಸ್ಟೇಷನರಿ’ ಎಂಬ ಆಯ್ಕೆ ಕೊಡಿ. ಚಾಚಿದ ಕೈ ಸುತ್ತಿದರೆ ಎಷ್ಟು ಜಾಗವೋ ಅಷ್ಟು ಖಾಲಿ ಇರಬೇಕು: ಟೀಪಾಯಿ, ನೀರಿನ ಲೋಟ, ಬೆಕ್ಕು, ಯಾವುದೂ ಬೇಡ. ಕೂತಾಗ ಉಳಿದವರೆಲ್ಲ ನಿಮಗಿಂತ ಎತ್ತರ ಕಂಡು, ಮಾತಾಡಲು ತಲೆಯೆತ್ತಿ ಕತ್ತು ನೋಯುತ್ತದೆ. ಇದಕ್ಕೆ ಮೆಟಾ ಕಂಪನಿಯ ‘ಕ್ವೆಸ್ಟ್’ ಹೆಡ್‌ಸೆಟ್‌ಗಳ ಸೆಟ್ಟಿಂಗ್‌ನಲ್ಲಿ ಎತ್ತರ ಹೊಂದಿಸುವ ಆಯ್ಕೆಯಿದೆ, ವಿಆರ್‌ಚಾಟ್‌ನಲ್ಲಿ ‘ಸೀಟೆಡ್’ ಎಂಬ ಆಯ್ಕೆಯಿದೆ. ಅದನ್ನು ಹಾಕಿದರೆ ನೀವು ಕೂತಿದ್ದರೂ ಅಲ್ಲಿ ನಿಂತಿರುತ್ತೀರಿ. ಮಂಡಿನೋವಿನವರಿಗೆ ಇದು ಸಣ್ಣ ಸೌಲಭ್ಯವಲ್ಲ.

ಯಂತ್ರದ ತೂಕ ಅರ್ಧ ಕಿಲೋಗಿಂತ ಚೂರು ಹೆಚ್ಚು, ಅದರಲ್ಲಿ ಬಹುಪಾಲು ಮೂಗಿನ ಮುಂದೆಯೇ ತೂಗುತ್ತದೆ. ಪಟ್ಟಿಯನ್ನು ಬಿಗಿದು ಮುಖಕ್ಕೆ ಒತ್ತಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕೆನ್ನೆಯಲ್ಲಿ ಕೆಂಪು ಗೆರೆ, ಹಣೆಯಲ್ಲಿ ನೋವು. ಹಿಂದಿನ ಪಟ್ಟಿ ತಲೆಬುರುಡೆಯ ಉಬ್ಬಿನ ಕೆಳಗೆ ಕೂರಬೇಕು, ನಡುನೆತ್ತಿಯ ಪಟ್ಟಿ ಭಾರ ಹೊರಬೇಕು. ಹಿಂದೆ ಗಟ್ಟಿ ತಿರುಪು ಇರುವ ಪಟ್ಟಿಯನ್ನು ಬೇರೆಯಾಗಿ ಕೊಂಡರೆ, ಅದರಲ್ಲೂ ಹಿಂದೆ ಬ್ಯಾಟರಿ ಇರುವುದಾದರೆ, ಭಾರ ಎರಡೂ ಕಡೆ ಹಂಚಿಹೋಗುತ್ತದೆ. ಈ ಸಾಧನಗಳಿಗೆ ಕೊಳ್ಳಬೇಕಾದ ಉಪಕರಣ ನೂರಿವೆ, ನಿಮಗೆ ಬೇಕಾದದ್ದು ಇದೊಂದೇ.

ಕನ್ನಡಕದ ವಿಷಯದಲ್ಲಿ ಬಹಳ ಜನಕ್ಕೆ ಗೊಂದಲ. ಚಿತ್ರ ಕಣ್ಣಿನಿಂದ ಎರಡು ಬೆರಳು ದೂರದಲ್ಲಿದ್ದರೂ ಮಸೂರಗಳು ಅದನ್ನು ಒಂದೆರಡು ಮೀಟರ್ ದೂರದಲ್ಲಿದ್ದಂತೆ ಕಾಣಿಸುತ್ತವೆ. ಹಾಗಾಗಿ ಪುಸ್ತಕ ಓದಲು ಮಾತ್ರ ಕನ್ನಡಕ ಹಾಕುವವರಿಗೆ ಸಾಮಾನ್ಯವಾಗಿ ಇಲ್ಲಿ ಅದು ಬೇಡ. ದೂರದ ನೋಟಕ್ಕೆ ಕನ್ನಡಕ ಇರುವವರಿಗೆ ಬೇಕು. ಒಂದೇ ಗಾಜಿನಲ್ಲಿ ದೂರವೂ ಹತ್ತಿರವೂ ಇರುವ ಕನ್ನಡಕವಾದರೆ ಮೇಲ್ಭಾಗದಲ್ಲಿ ಮಾತ್ರ ಸ್ಪಷ್ಟ, ಕೆಳಗೆ ಮಬ್ಬು. ಅಂಥವರು ದೂರದ ನೋಟದ್ದೇ ಒಂದು ಹಳೆಯ ಜೋಡಿ ಇದ್ದರೆ ಅದನ್ನು ಇದಕ್ಕೆಂದು ಇಟ್ಟುಕೊಳ್ಳುವುದು ಸರಳ. ಕನ್ನಡಕದ ಗಾಜು ಹೆಡ್‌ಸೆಟ್‌ನ ಮಸೂರಕ್ಕೆ ತಾಗಿದರೆ ಗೀಚು ಬೀಳುತ್ತದೆ, ಆ ಗೀಚು ಹೋಗುವುದಿಲ್ಲ. ಕೆಲವು ಮಾದರಿಗಳಲ್ಲಿ ಮುಖದ ಮೆತ್ತೆಯನ್ನು ಹಿಂದಕ್ಕೆ ಸರಿಸಬಹುದು, ಕೆಲವಕ್ಕೆ ಸ್ಪೇಸರ್ ಎಂಬ ಚೌಕಟ್ಟು ಸಿಕ್ಕಿಸಬೇಕು. ಹಾಕುವಾಗ ಮುಂಭಾಗವನ್ನು ಮೊದಲು ಕನ್ನಡಕದ ಮೇಲೆ ಕೂರಿಸಿ ಆಮೇಲೆ ಪಟ್ಟಿ ಎಳೆಯಿರಿ, ತೆಗೆಯುವಾಗ ಪಟ್ಟಿ ಮೊದಲು. ಆಮೇಲೆ ಎರಡು ಮಸೂರಗಳ ನಡುವಿನ ಅಂತರ ಹೊಂದಿಸಿ. ಕ್ವೆಸ್ಟ್ 3ರಲ್ಲಿ ಅದಕ್ಕೊಂದು ಚಕ್ರವಿದೆ. 3ಎಸ್‌ನಲ್ಲಿ 58, 63, 68 ಮಿಲಿಮೀಟರ್ ಎಂದು ಮೂರೇ ಹಂತ, ಮಸೂರವನ್ನೇ ಹಿಡಿದು ಸರಿಸಬೇಕು. ನಿಮ್ಮ ಕಣ್ಣುಗಳ ಅಂತರವನ್ನು ಕನ್ನಡಕದ ಅಂಗಡಿಯವರು ಅಳೆದು ಹೇಳುತ್ತಾರೆ. ಇದು ತಪ್ಪಿದ್ದರೂ ತಲೆನೋವು ಬರುತ್ತದೆ, ಜನ ಅದನ್ನು ತಲೆಸುತ್ತು ಎಂದುಕೊಂಡು ಬೇರೆಲ್ಲೋ ಹುಡುಕುತ್ತಾರೆ. ಇನ್ನು, ಕಿಟಕಿಯ ಹತ್ತಿರ ಮಸೂರ ಮೇಲಾಗಿ ಇಡಬೇಡಿ. ಬಿಸಿಲು ಮಸೂರದ ಮೂಲಕ ಹಾದು ಒಳಗಿನ ಪರದೆಯನ್ನು ಸುಡುತ್ತದೆ, ಭೂತಗನ್ನಡಿ ಕಾಗದ ಸುಟ್ಟ ಹಾಗೆ.

ಕಿವಿಯ ಹಿಂದೆ ಕೂರುವ ಶ್ರವಣಯಂತ್ರವಾದರೆ ತೆಗೆಯಬೇಕಿಲ್ಲ. ಹೆಚ್ಚಿನ ಹೆಡ್‌ಸೆಟ್‌ಗಳ ಧ್ವನಿ ಪಟ್ಟಿಯಲ್ಲಿರುವ ತೂತಿನಿಂದ ಬರುತ್ತದೆ, ಕಿವಿಯನ್ನು ಮುಚ್ಚುವುದಿಲ್ಲ. ಪಟ್ಟಿ ಯಂತ್ರದ ಮೈಕಿಗೆ ಉಜ್ಜಿದರೆ ಮಾತ್ರ ಕೀಚು ಶಬ್ದ ಬರುತ್ತದೆ. ಪಟ್ಟಿಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ಏರಿಸಿ. ಒಂದೇ ಕಿವಿ ಚೆನ್ನಾಗಿ ಕೇಳುವವರು ಅಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಮೋನೋ ಆಡಿಯೊ’ ಹಾಕಬಹುದು: ಎರಡೂ ಕಡೆಯ ಧ್ವನಿ ಒಂದಾಗಿ ಬರುತ್ತದೆ. ಆದರೆ ಆಗ ಮಾತು ಯಾವ ದಿಕ್ಕಿನಿಂದ ಬಂತು ಎಂಬುದು ಗೊತ್ತಾಗುವುದಿಲ್ಲ, ಐದಾರು ಜನರಲ್ಲಿ ಮಾತಾಡಿದವರು ಯಾರು ಎಂದು ಹುಡುಕಬೇಕಾಗುತ್ತದೆ. ಎರಡನ್ನೂ ಪ್ರಯತ್ನಿಸಿ ನೋಡಿ. ವಿಆರ್‌ಚಾಟ್‌ನಲ್ಲಿ ‘ಇಯರ್‌ಮಫ್’ ಎಂಬ ಒಂದು ಗುಂಡಿಯಿದೆ, ಹತ್ತಿರದವರ ದನಿ ಉಳಿಸಿ ದೂರದವರದನ್ನು ತಗ್ಗಿಸುತ್ತದೆ. ಗದ್ದಲದ ನಡುವೆ ಮಾತು ಹಿಡಿಯಲಾಗದವರಿಗೆ ಮದುವೆ ಮನೆಯಲ್ಲೂ ಇಂಥದ್ದೊಂದು ಇರಬೇಕಿತ್ತು ಅನಿಸುತ್ತದೆ.

ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ, ಮೂರ್ಛೆಯ ಇತಿಹಾಸ ಇದ್ದರೆ, ತಲೆ ತಿರುಗಿಸಿದಾಗೆಲ್ಲ ಕೋಣೆ ಗಿರ್ರೆನ್ನುವ ಕಿವಿಯ ತೊಂದರೆ ಇದ್ದರೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಇದು ನೆಪಮಾತ್ರದ ಎಚ್ಚರಿಕೆಯಲ್ಲ, ಈ ಸಾಧನಗಳಲ್ಲಿ ಅಯಸ್ಕಾಂತವೂ ರೇಡಿಯೊ ತರಂಗವೂ ಇರುತ್ತವೆ.

ಇನ್ನು ಜಾಗ. ನೀವು ಕಂಡದ್ದು ಯಾರು ಬೇಕಾದರೂ ಬರುವ ಸಾರ್ವಜನಿಕ ಕೋಣೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಅಲ್ಲಿ ಇರುವವರು ಮಕ್ಕಳೇ. ಅದು ಅವರ ಆಟದ ಮೈದಾನ, ತಪ್ಪು ಅವರದಲ್ಲ. ವಿಆರ್‌ಚಾಟ್‌ನಲ್ಲಿ ಒಂದೇ ಜಾಗಕ್ಕೆ ಬೇರೆ ಬೇರೆ ಬಾಗಿಲು: ‘ಪಬ್ಲಿಕ್’ ಎಲ್ಲರಿಗೂ, ‘ಫ್ರೆಂಡ್ಸ್’ ಗೆಳೆಯರಿಗೆ, ‘ಇನ್ವೈಟ್’ ಕರೆದವರಿಗೆ ಮಾತ್ರ, ‘ಗ್ರೂಪ್’ ಒಂದು ಬಳಗದವರಿಗೆ. ವಯಸ್ಸು ಪರಿಶೀಲಿಸಿ 18 ದಾಟಿದವರನ್ನಷ್ಟೇ ಬಿಡುವ ಕೋಣೆಗಳೂ ಇವೆ. ನಿಮ್ಮ ಗುರಿ ಗ್ರೂಪ್. ಸಂಗೀತ, ತೋಟಗಾರಿಕೆ, ಓದು, ಭಾಷೆ ಕಲಿಕೆ, ಧ್ಯಾನ, ನಿಮಗೆ ಯಾವುದರಲ್ಲಿ ಆಸಕ್ತಿಯೋ ಆ ಪದ ಹಾಕಿ ಗ್ರೂಪ್ ಹುಡುಕಿ. ಅಲ್ಲಿ ಎಷ್ಟು ಸಾವಿರ ಸದಸ್ಯರಿದ್ದಾರೆ ಎಂದು ನೋಡಬೇಡಿ, ವಾರದ ಕಾರ್ಯಕ್ರಮ ಇದೆಯೇ ಎಂದು ನೋಡಿ. ಹತ್ತು ಜನರಿದ್ದು ಪ್ರತಿ ಗುರುವಾರ ಸೇರುವ ಬಳಗ, ಹತ್ತು ಸಾವಿರ ಜನರಿದ್ದು ದಿನವೂ ಮುಖ ಬದಲಾಗುವ ಬಳಗಕ್ಕಿಂತ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಮಯವನ್ನು ಬೇರೆ ದೇಶದ ಗಡಿಯಾರದಲ್ಲಿ ಬರೆದಿರುತ್ತಾರೆ. ಅದನ್ನು ನಿಮ್ಮ ಹೊತ್ತಿಗೆ ಬದಲಿಸಿ ಕ್ಯಾಲೆಂಡರಿನಲ್ಲಿ ಬರೆದಿಡಲು ಮಗನಿಗೆ ಹೇಳಿ. ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಸರಿಯುವುದರಿಂದ ಆ ವಾರ ಒಂದು ಗಂಟೆ ತಪ್ಪಿಹೋಗುವುದುಂಟು.

ಬರೀ ಮಾತಿನ ಕೋಣೆಗಿಂತ ಕೈಗೆ ಕೆಲಸ ಕೊಡುವ ಜಾಗ ಶುರುವಿಗೆ ಒಳ್ಳೆಯದು. ಅಪರಿಚಿತರ ಎದುರು ಸುಮ್ಮನೆ ನಿಂತು ‘ಹೇಗಿದ್ದೀರಿ’ ಎಂದು ಮಾತು ಎಳೆಯುವುದು ಯಾವ ವಯಸ್ಸಿನಲ್ಲೂ ಕಷ್ಟ. ಚೆಂಡು ಹೊಡೆಯುತ್ತ, ಮೀನಿಗೆ ಕಾಯುತ್ತ ಬರುವ ಮಾತು ತಾನಾಗಿ ಬರುತ್ತದೆ, ನಡುವೆ ಮೌನ ಬಿದ್ದರೂ ಮುಜುಗರವಿಲ್ಲ. ಇದಕ್ಕೆ ‘ವಾಕಬೌಟ್ ಮಿನಿ ಗಾಲ್ಫ್’ ಹೇಳಿ ಮಾಡಿಸಿದ ಹಾಗಿದೆ. ಒಬ್ಬೊಬ್ಬರಾಗಿ ಹೊಡೆಯುವುದರಿಂದ ಉಳಿದವರಿಗೆ ಮಾತಿಗೆ ಬಿಡುವು, 18 ಕುಳಿ ಮುಗಿಯುವಷ್ಟರಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ, ಟೆಲಿಪೋರ್ಟ್ ಇದೆ, ಕೋಲಿನ ಉದ್ದ ಹೊಂದಿಸಿಕೊಂಡು ಕೂತೂ ಆಡಬಹುದು. ‘ರಿಯಲ್ ವಿಆರ್ ಫಿಶಿಂಗ್’ನಲ್ಲಿ ಜೊತೆಯಲ್ಲಿ ಕೂತು ಗಾಳ ಹಾಕಬಹುದು. ಲೋಕ ಸುತ್ತುವ ಆಸೆಯಿದ್ದರೆ ‘ವಾಂಡರ್’. ಗೂಗಲ್ ಸ್ಟ್ರೀಟ್ ವ್ಯೂನ ಚಿತ್ರಗಳ ಒಳಗೆ ನಿಲ್ಲಿಸುತ್ತದೆ. ಒಬ್ಬರು ‘ನಾನು ಓದಿದ ಶಾಲೆ ಇದು’ ಎಂದು ಉಳಿದವರನ್ನು ಕರೆದೊಯ್ದರೆ ಆ ಸಂಜೆಗೆ ಬೇರೆ ವಿಷಯವೇ ಬೇಡ. ಹಿರಿಯರ ಗುಂಪಿಗೆ ಇದಕ್ಕಿಂತ ಒಳ್ಳೆಯ ಮಾತಿನ ಎಳೆ ಕಾಣೆ.

ಮೊದಲ ಮೂರು ಭೇಟಿ ಪರಿಚಿತರೊಡನೆಯೇ ಆಗಲಿ. ಮಗ ಇನ್ನೊಂದು ಹೆಡ್‌ಸೆಟ್ ಕೊಳ್ಳಬೇಕಿಲ್ಲ, ವಿಆರ್‌ಚಾಟ್ ಸಾಮಾನ್ಯ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ತೆರೆಯುತ್ತದೆ. ಅದೇ ಕಾರಣಕ್ಕೆ, ಹೆಡ್‌ಸೆಟ್ ಇಲ್ಲದ ನಿಮ್ಮ ಹಳೆಯ ಗೆಳತಿಯೊಬ್ಬರೂ ಜೊತೆಗೆ ಬರಬಹುದು. ಹೊಸಬರ ಬಳಗಕ್ಕೆ ಹಳೆಯ ಗೆಳತಿಯ ಜೊತೆ ಹೋಗುವುದು ಒಬ್ಬರೇ ಹೋಗುವುದಕ್ಕಿಂತ ಬಹಳ ಸಲೀಸು.

ಅಲ್ಲಿ ಮಾತಿನ ರೀತಿ ಸ್ವಲ್ಪ ಬೇರೆ. ದನಿ ತಲುಪಲು ಚೂರು ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ಶುರುಮಾಡಿ ಇಬ್ಬರೂ ನಿಲ್ಲಿಸುವುದು ಸಾಮಾನ್ಯ. ಹೆಸರು ಹಿಡಿದು ಕರೆದು ಮಾತಾಡಿದರೆ ಅದು ತಪ್ಪುತ್ತದೆ. ದೂರ ನಿಂತರೆ ದನಿ ಕ್ಷೀಣ, ಆದ್ದರಿಂದ ಎರಡು ಹೆಜ್ಜೆ ಹತ್ತಿರ ಹೋಗಿ, ಮುಖ ಅವರ ಕಡೆ ಇರಲಿ. ನಿಮ್ಮ ಮನೆಯ ಟಿವಿ, ಕುಕ್ಕರ್, ಬಾಗಿಲ ಗಂಟೆ ಎಲ್ಲವೂ ಅಲ್ಲಿಗೆ ಕೇಳುತ್ತವೆ. ಮಾತಾಡದಾಗ ಮೈಕ್ ಮುಚ್ಚುವುದು ಕಲಿಯಬೇಕಾದ ಮೊದಲ ಗುಂಡಿ. ಬಂದವರಲ್ಲಿ ಒಬ್ಬರು ನರಿಯ ಹಾಗೆ, ಇನ್ನೊಬ್ಬರು ಯಂತ್ರಮಾನವನ ಹಾಗೆ ಕಾಣಬಹುದು. ಅವತಾರ ಎಂಬ ಮಾತು ಅಲ್ಲಿ ಅಕ್ಷರಶಃ ನಿಜ. ನಿಮ್ಮ ಅವತಾರಕ್ಕೆ ಬಿಳಿಕೂದಲೇ ಇರಬೇಕೆಂದಿಲ್ಲ. ಆದರೆ ಅದನ್ನು ವಾರಕ್ಕೊಮ್ಮೆ ಬದಲಿಸಬೇಡಿ, ಹೆಸರನ್ನೂ ಅಷ್ಟೇ. ಜನ ಗುರುತು ಹಿಡಿಯುವುದು ಅವೆರಡರಿಂದಲೇ. ಹೊರಡುವಾಗ ತಟ್ಟನೆ ಮಾಯವಾಗದೆ, ‘ಮುಂದಿನ ಗುರುವಾರ ಬರುತ್ತೇನೆ’ ಎಂದು ಹೇಳಿ ಹೊರಡಿ. ಹೇಳಿದ ಮೇಲೆ ಬನ್ನಿ.

ಯಾರಾದರೂ ಮೈಮೇಲೆ ಬಿದ್ದಂತೆ ಬಂದರೆ ಸಹಿಸಬೇಕಿಲ್ಲ. ‘ಪರ್ಸನಲ್ ಸ್ಪೇಸ್’ ಹಾಕಿಟ್ಟರೆ ತೀರಾ ಹತ್ತಿರ ಬಂದವರು ಕಾಣದಾಗುತ್ತಾರೆ. ‘ಮ್ಯೂಟ್’ ಮಾಡಿದರೆ ಅವರ ದನಿ ನಿಮಗೆ ಕೇಳುವುದಿಲ್ಲ, ‘ಬ್ಲಾಕ್’ ಮಾಡಿದರೆ ನೀವು ಅವರಿಗೂ ಅವರು ನಿಮಗೂ ಕಾಣುವುದಿಲ್ಲ. ಹೊಸ ಜಾಗಕ್ಕೆ ಹೋಗುವ ಮೊದಲು ಮಗನ ಮೇಲೇ ಇವನ್ನು ಪ್ರಯೋಗಿಸಿ ಕೈ ಪಳಗಿಸಿಕೊಳ್ಳಿ, ಬೇಕಾದಾಗ ಹುಡುಕುವಂತಾಗಬಾರದು. ಇದಕ್ಕಿಂತ ದೊಡ್ಡ ಅಪಾಯ ಕಿರುಚುವವರದಲ್ಲ, ಸಿಹಿಯಾಗಿ ಮಾತಾಡುವವರದು. ದನಿ ಬದಲಿಸುವ ತಂತ್ರಾಂಶವಿದೆ, ರೂಪವಂತೂ ಹೇಗಿದ್ದರೂ ಸುಳ್ಳು. ಎರಡು ತಿಂಗಳು ದಿನವೂ ಕುಶಲ ಕೇಳಿದವರು ಮೂರನೆಯ ತಿಂಗಳು ‘ಆಸ್ಪತ್ರೆ ಖರ್ಚು’, ‘ಗಿಫ್ಟ್ ಕಾರ್ಡ್’, ‘ಒಳ್ಳೆಯ ಹೂಡಿಕೆ’ ಎಂದರೆ ಮಾತು ಅಲ್ಲಿಗೇ ಮುಗಿಯಲಿ, ಅವರು ಎಷ್ಟೇ ಒಳ್ಳೆಯವರಂತೆ ಕಂಡರೂ. ‘ಬಳಗದವರಿಗೆ ಹೇಳಬೇಡಿ, ನಮ್ಮಿಬ್ಬರಲ್ಲೇ ಇರಲಿ’ ಎಂಬ ಮಾತು ಬಂದರೆ ಅದೇ ಗುರುತು. ಪೂರ್ತಿ ಹೆಸರು, ವಿಳಾಸ, ಒಬ್ಬರೇ ಇರುತ್ತೀರಿ ಎಂಬ ಸಂಗತಿ, ಇವು ಅಲ್ಲಿ ಬೇಡ. ಹೆಡ್‌ಸೆಟ್‌ಗೆ ಹಣ ಪಾವತಿಯ ಪಿನ್ ಹಾಕಿಸಿ.

ಸಭೆ ತಪ್ಪುವುದಕ್ಕೆ ಸಾಮಾನ್ಯ ಕಾರಣ ಆಲಸ್ಯವಲ್ಲ, ಅಪ್‌ಡೇಟ್. ಗುರುವಾರ ಏಳಕ್ಕೆ ಹಾಕಿಕೊಂಡರೆ ‘ಹೊಸ ಆವೃತ್ತಿ ಇಳಿಯುತ್ತಿದೆ’ ಎಂದು ಅರ್ಧ ಗಂಟೆ ತಿನ್ನುತ್ತದೆ. ಬುಧವಾರ ಸಂಜೆಯೇ ಆನ್ ಮಾಡಿ, ಆ ಆಪ್ ಒಮ್ಮೆ ತೆರೆದು ನೋಡಿ, ಚಾರ್ಜಿಗೆ ಹಾಕಿ. ಬ್ಯಾಟರಿ ಬರುವುದು ಎರಡು ಗಂಟೆ ಆಸುಪಾಸು. ಕ್ವೆಸ್ಟ್ 3, 3ಎಸ್‌ನ ಕಂಟ್ರೋಲರುಗಳಿಗೆ ಒಂದೊಂದು ಎಎ ಸೆಲ್ ಬೇಕು, ಎರಡು ಹೆಚ್ಚಿಗೆ ಇಟ್ಟುಕೊಂಡಿರಿ. ಕೋಣೆ ಮಬ್ಬಾಗಿದ್ದರೆ ಕ್ಯಾಮೆರಾಗಳಿಗೆ ಕೈ ಕಾಣದೆ ಅಲ್ಲಿ ನಿಮ್ಮ ಕೈ ಎಲ್ಲೆಲ್ಲೋ ತೇಲುತ್ತದೆ, ದೀಪ ಹಾಕಿ. ದನಿ ತುಂಡು ತುಂಡಾದರೆ ವೈಫೈ ಪೆಟ್ಟಿಗೆ ಇರುವ ಕೋಣೆಗೇ ಕುರ್ಚಿ ಸರಿಸಿ, 5 ಗಿಗಾಹರ್ಟ್ಸ್ ಹೆಸರಿನ ಸಂಪರ್ಕ ಆರಿಸಿ. ದಿಕ್ಕು ತಪ್ಪಿ ಎಲ್ಲರಿಗೂ ಬೆನ್ನು ಮಾಡಿ ಕೂತಂತಾದರೆ ಕ್ವೆಸ್ಟ್‌ನ ಬಲಗೈ ಕಂಟ್ರೋಲರಿನಲ್ಲಿ ಮೆಟಾ ಗುರುತಿರುವ ಗುಂಡಿಯನ್ನು ಒತ್ತಿ ಹಿಡಿಯಿರಿ, ನೋಟ ನೇರವಾಗುತ್ತದೆ.

ಆರೆಂಟು ವಾರ ತಪ್ಪದೆ ಹೋದ ಮೇಲೂ ಯಾರೂ ನಿಮ್ಮನ್ನು ಹೆಸರು ಹಿಡಿದು ಮಾತಾಡಿಸದಿದ್ದರೆ ಬಳಗ ಬದಲಿಸಿ. ಮಾತಾಡಿಸಿದರೆ, ಅವರಲ್ಲಿ ಇಬ್ಬರು ಮೂವರೊಡನೆ ಈ ಆಪ್‌ನ ಹೊರಗೂ ಒಂದು ದಾರಿ ಇಟ್ಟುಕೊಳ್ಳಿ. 2015ರಲ್ಲಿ ಬಾಗಿಲು ತೆರೆದ ಆಲ್ಟ್‌ಸ್ಪೇಸ್‌ವಿಆರ್ ಇಂಥದ್ದೇ ಕೂಡುತಾಣವಾಗಿತ್ತು, 2017ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2023ರ ಮಾರ್ಚ್ 10ರಂದು ಅದು ಮುಚ್ಚಿಹೋಯಿತು. ಪರಸ್ಪರ ಹೊರಗಿನ ವಿಳಾಸ ತಿಳಿದಿದ್ದವರು ಬೇರೊಂದು ಕಡೆ ಕೂಡಬಹುದಿತ್ತು, ಉಳಿದವರಿಗೆ ಆ ದಾರಿ ಇರಲಿಲ್ಲ. ಮನೆಯ ಫೋನ್ ನಂಬರ್ ಕೊಡಬೇಕಿಲ್ಲ. ಇದಕ್ಕೆಂದೇ ಒಂದು ಬೇರೆ ಇಮೇಲ್ ತೆರೆಯಿರಿ, ಅದರಿಂದ ವಾರದ ಹೊತ್ತು ಬದಲಾದರೆ ತಿಳಿಸಬಹುದು. ಎರಡು ಗುರುವಾರ ಒಬ್ಬರು ಕಾಣದಿದ್ದರೆ, ‘ಯಾಕೆ ಬರಲಿಲ್ಲ, ಆರೋಗ್ಯವೇ?’ ಎಂದು ಎರಡು ಸಾಲು ಬರೆಯಬಹುದು.